ಕರುಳಿನ ಆಪರೇಷನ್ ಇದೆ: ಆಸ್ಪತ್ರೆಯಲ್ಲಿ ಅಂಟುವ ಸೋಂಕು ತಡೆಯಲು ನಿಜಕ್ಕೂ ಏನು ಕೆಲಸ ಮಾಡುತ್ತದೆ?

ಸುಜಾತಾ_ಹಾವೇರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ದೊಡ್ಡ ಕರುಳಿನ ಆಪರೇಷನ್ ಇದೆ. ವಯಸ್ಸು 68, ಶುಗರ್ ಇದೆ. ಸರ್ಜನ್ ಆಪರೇಷನ್ ಬಗ್ಗೆ ಚೆನ್ನಾಗಿಯೇ ವಿವರಿಸಿದರು. ಆದರೆ ನೋಡಲು ಬಂದವರೆಲ್ಲ "ಆಪರೇಷನ್ ಏನೂ ಆಗಲ್ಲ, ಆಮೇಲೆ ಇನ್ಫೆಕ್ಷನ್ ಆಗದ ಹಾಗೆ ನೋಡ್ಕೊಳ್ಳಿ" ಅಂತಾರೆ. ಹೇಗೆ ನೋಡಿಕೊಳ್ಳಬೇಕು ಅಂದರೆ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬರು ಎಸಿ ರೂಮೇ ತಗೊಳ್ಳಿ ಅಂದರು. ಇನ್ನೊಬ್ಬರು ಹದಿನೈದು ದಿನ ಆ್ಯಂಟಿಬಯೋಟಿಕ್ ಕೊಡಿಸಿ ಅಂದರು. ಪ್ರಯೋಗ ಮಾಡಿ, ಲೆಕ್ಕ ಇಟ್ಟು, ಸಾಬೀತಾಗಿರುವುದು ಏನಾದರೂ ಇದೆಯಾ? ಆಸ್ಪತ್ರೆ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ಕಲ್ಚರ್_ಪ್ಲೇಟ್

ಸುಜಾತಾ ಅವರೇ, ನಾನು ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಮೊದಲು ಆ ಹದಿನೈದು ದಿನದ ಆ್ಯಂಟಿಬಯೋಟಿಕ್ ಮಾತು ಬಿಡೋಣ.

ಆಪರೇಷನ್ ಸೋಂಕು ತಡೆಯಲು ಆ್ಯಂಟಿಬಯೋಟಿಕ್ ಬೇಕು, ನಿಜ. ಆದರೆ ಎಷ್ಟು ದಿನ ಕೊಟ್ಟರು ಅನ್ನುವುದಕ್ಕಿಂತ ಯಾವಾಗ ಕೊಟ್ಟರು ಅನ್ನುವುದು ದೊಡ್ಡದು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಒಂದು ಆಸ್ಪತ್ರೆಯಲ್ಲಿ 2,847 ರೋಗಿಗಳ ಲೆಕ್ಕ ಇಟ್ಟು 1992ರಲ್ಲಿ ಪ್ರಕಟಿಸಿದರು. ಕೊಯ್ಯುವ ಮುಂಚಿನ ಎರಡು ಗಂಟೆಯೊಳಗೆ ಔಷಧಿ ಬಿದ್ದವರಲ್ಲಿ ಗಾಯದ ಸೋಂಕು ಶೇ. 0.6. ಅದಕ್ಕಿಂತ ಬಹಳ ಮೊದಲೇ ಕೊಟ್ಟಿದ್ದರೆ ಶೇ. 3.8. ಆಪರೇಷನ್ ಶುರುವಾಗಿ ಮೂರು ಗಂಟೆ ಕಳೆದ ಮೇಲೆ ಕೊಟ್ಟಿದ್ದರೆ ಶೇ. 3.3. ಅದೇ ಔಷಧಿ, ಗಡಿಯಾರ ಮಾತ್ರ ಬೇರೆ. ಚಾಕು ಚರ್ಮಕ್ಕೆ ತಾಗುವ ಹೊತ್ತಿಗೆ ರಕ್ತದಲ್ಲೂ ಮಾಂಸದಲ್ಲೂ ಔಷಧಿ ತುಂಬಿರಬೇಕು. ಅಷ್ಟೇ ಅದರ ಗುಟ್ಟು.

ಆಪರೇಷನ್ ಮುಗಿದ ಮೇಲೆ, ಸೋಂಕು ಇಲ್ಲದಿದ್ದರೂ "ಇರಲಿ" ಅಂತ ದಿನಗಟ್ಟಲೆ ಮುಂದುವರಿಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲೇ ಖಡಾಖಂಡಿತವಾಗಿ ಹೇಳಿದೆ. ಹಾಗೆ ಮುಂದುವರಿಸಿದರೆ ಗಾಯಕ್ಕೆ ಲಾಭ ಇಲ್ಲ. ಕರುಳಿನಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಭೇದಿ ಬೇರೆ.

ಸುಜಾತಾ_ಹಾವೇರಿ

ಸರ್, ಹೋದ ಸಲ ಪಕ್ಕದ ಮನೆಯವರಿಗೆ ಆಪರೇಷನ್ ಆದಾಗ ಹಿಂದಿನ ರಾತ್ರಿಯೇ ಬ್ಲೇಡ್‌ನಲ್ಲಿ ಹೊಟ್ಟೆಯೆಲ್ಲ ಶೇವ್ ಮಾಡಿದ್ದರು. ಅದು ಸರಿಯಾ?

ಊರಿನ_ಡಾಕ್ಟರ್

ಬ್ಲೇಡ್ ಬೇಡವೇ ಬೇಡ. ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರು ಬೀಳುತ್ತವೆ, ರಾತ್ರಿಯಿಡೀ ಅಲ್ಲಿ ಕ್ರಿಮಿ ಬೆಳೆಯುತ್ತವೆ. ಕೂದಲು ಅಡ್ಡ ಬರದಿದ್ದರೆ ಹಾಗೇ ಬಿಡಬೇಕು, ಅಡ್ಡ ಬಂದರೆ ಕ್ಲಿಪ್ಪರ್‌ನಲ್ಲಿ ಕತ್ತರಿಸಬೇಕು. ಇದೂ ಅದೇ 2016ರ ಮಾರ್ಗಸೂಚಿಯಲ್ಲಿದೆ. ಆದರೂ ಎಷ್ಟೋ ಕಡೆ ಶೇವಿಂಗ್ ನಿಂತಿಲ್ಲ. ಏಕೆಂದರೆ ಅದನ್ನು ಮಾಡುವ ವಾರ್ಡ್ ಬಾಯ್‌ಗೆ ಮಾರ್ಗಸೂಚಿಯ ವಿಷಯ ಯಾರೂ ಹೇಳಿಲ್ಲ. ಕ್ಲಿಪ್ಪರ್ ತರಿಸಿಯೂ ಕೊಟ್ಟಿಲ್ಲ.

ಹಿಂದಿನ ದಿನ ಸೋಪು ಹಾಕಿ ಚೆನ್ನಾಗಿ ಸ್ನಾನ ಮಾಡಿಸಿ. ಶುಗರ್ ಹಿಡಿತದಲ್ಲಿರಲಿ. ಬೀಡಿ ಸಿಗರೇಟು ಇದ್ದರೆ ಇವತ್ತೇ ಬಿಡಿಸಿ. ಮನೆಯವರ ಕೈಯಲ್ಲಿ ಇರುವುದು ಮುಖ್ಯವಾಗಿ ಇವು.

ಕಲ್ಚರ್_ಪ್ಲೇಟ್

ಡಾಕ್ಟ್ರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಇದು ನನಗೆ ತುಂಬಾ ಇಷ್ಟವಾದ ಅಧ್ಯಯನ, ಏಕೆಂದರೆ ನಮ್ಮಂಥ ದೇಶಗಳಲ್ಲೇ ನಡೆದದ್ದು. ಹೆಸರು ಚೀಟಾ. ಭಾರತ, ಘಾನಾ, ನೈಜೀರಿಯಾ, ರುವಾಂಡಾ, ಬೆನಿನ್, ದಕ್ಷಿಣ ಆಫ್ರಿಕಾ, ಮೆಕ್ಸಿಕೊ, ಹೀಗೆ 7 ದೇಶಗಳ 81 ಆಸ್ಪತ್ರೆಗಳು, 13,301 ರೋಗಿಗಳು. ಹೊಟ್ಟೆಯ ಆಪರೇಷನ್ ಮುಗಿದು, ಹೊಲಿಗೆ ಹಾಕುವ ಮುಂಚೆ, ಟೇಬಲ್ ಸುತ್ತ ಇರುವ ಇಡೀ ತಂಡ ಗ್ಲೌಸ್ ಬದಲಿಸಬೇಕು. ಹೊಲಿಗೆಗೆ ಹೊಸದಾಗಿ ತೆರೆದ ಸ್ಟೆರೈಲ್ ಸಾಮಾನನ್ನೇ ಬಳಸಬೇಕು. ಮಾಡಿದ್ದು ಇಷ್ಟೇ. ಅರ್ಧದಷ್ಟು ಆಸ್ಪತ್ರೆಗಳಲ್ಲಿ ಹೀಗೆ, ಉಳಿದ ಕಡೆ ಮಾಮೂಲಿನಂತೆ. ಯಾವ ಆಸ್ಪತ್ರೆ ಯಾವ ಗುಂಪು ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನ.

ಮಾಮೂಲಿನ ಕಡೆ 30 ದಿನದೊಳಗೆ ಗಾಯಕ್ಕೆ ಸೋಂಕು ಆದವರು ಶೇ. 18.9. ಗ್ಲೌಸ್ ಬದಲಿಸಿದ ಕಡೆ ಶೇ. 16. 2022ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಕರುಳು ತೆರೆದ ಕೈಯಲ್ಲೇ ಚರ್ಮ ಹೊಲಿದರೆ ಏನಾಗುತ್ತದೆ ಅಂತ ಊಹಿಸಲು ವಿಜ್ಞಾನಿ ಬೇಕಿಲ್ಲ. ಆದರೆ ಊಹೆಯನ್ನು ಹದಿಮೂರು ಸಾವಿರ ಜನರ ಮೇಲೆ ಪರೀಕ್ಷಿಸಿ ನೋಡಲು ಬೇಕು. ನಿಮ್ಮ ಸರ್ಜನ್‌ಗೆ ಇದು ಗೊತ್ತಿರುತ್ತದೆ. ವಿನಯದಿಂದ ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಂಕಿಸಂಕಿ

ಮೇಷ್ಟ್ರೇ, 18.9ರಿಂದ 16. ಕೇಳಲು ಚಿಕ್ಕದು ಅನಿಸುತ್ತೆ ಅಲ್ವಾ?

ಕಲ್ಚರ್_ಪ್ಲೇಟ್

ನೂರು ಆಪರೇಷನ್‌ಗೆ ಸುಮಾರು ಮೂರು ಸೋಂಕು ಕಡಿಮೆ. ಖರ್ಚು ಒಂದಿಷ್ಟು ಜೊತೆ ಗ್ಲೌಸ್, ಒಂದು ಸಣ್ಣ ಟ್ರೇ. ಅದೇ ತಂಡದವರು ಮುಂಚೆ ಇನ್ನೊಂದು ಅಧ್ಯಯನ ಮಾಡಿದ್ದರು, ಫಾಲ್ಕನ್ ಅಂತ. ದುಬಾರಿ ಔಷಧಿ ಲೇಪಿಸಿದ ಹೊಲಿಗೆ ದಾರ ಬಳಸಿದರೆ ಸೋಂಕು ಕಡಿಮೆ ಆಗುತ್ತದಾ, ಚರ್ಮಕ್ಕೆ ಅಯೋಡಿನ್ ಬದಲು ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಹಚ್ಚಿದರೆ ಆಗುತ್ತದಾ ಅಂತ. ಎರಡರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಕ್ಲೋರ್‌ಹೆಕ್ಸಿಡಿನ್ ವಿಷಯದಲ್ಲಿ ಬೇರೆ ದೇಶದ ಅಧ್ಯಯನಗಳು ಬೇರೆ ಹೇಳುತ್ತವೆ, ವಾದ ಇನ್ನೂ ಇದೆ. ಆದರೆ ದುಬಾರಿ ದಾರಕ್ಕೆ ನಮ್ಮಲ್ಲಿ ದುಡ್ಡು ಸುರಿಯುವ ಅಗತ್ಯ ಕಾಣಲಿಲ್ಲ. ಬಿಲ್ ಕಟ್ಟುವವರಿಗೆ ಇದೂ ಒಂದು ಫಲಿತಾಂಶವೇ.

ಐಸಿಯು_ಸಿಸ್ಟರ್

ನಾನು ಕುಂದಾಪುರದವಳು, ಈಗ ಇಂಗ್ಲೆಂಡಿನಲ್ಲಿ ಐಸಿಯು ನರ್ಸ್. ಓಟಿಯೊಳಗಿನ ವಿಷಯ ಮೇಷ್ಟ್ರು ಹೇಳಿದರು, ನಾನು ಹೊರಗಿನದು ಹೇಳುತ್ತೇನೆ. ಸುಜಾತಾ ಅಕ್ಕಾ, ಆಪರೇಷನ್ ಆದಮೇಲೆ ಮಾವನವರ ಮೈಯಲ್ಲಿ ಎಷ್ಟು ಪೈಪ್ ಇರುತ್ತವೆ ನೋಡಿ: ಕೈಯಲ್ಲಿ ಡ್ರಿಪ್, ಯೂರಿನ್ ಪೈಪ್, ಹೊಟ್ಟೆಯಲ್ಲಿ ಡ್ರೈನ್, ಕೆಲವರಿಗೆ ಕುತ್ತಿಗೆಯಲ್ಲಿ ಸೆಂಟ್ರಲ್ ಲೈನ್, ಅಂದರೆ ದೊಡ್ಡ ರಕ್ತನಾಳಕ್ಕೆ ಹಾಕುವ ಪೈಪ್. ಒಂದೊಂದು ಪೈಪೂ ಹೊರಗಿನಿಂದ ಒಳಗೆ ಒಂದು ದಾರಿ. ನಮ್ಮ ಕೆಲಸದಲ್ಲಿ ಅರ್ಧ ಇವನ್ನು ಶುದ್ಧವಾಗಿ ಹಾಕುವುದು, ಇನ್ನರ್ಧ ಬೇಗ ತೆಗೆಸುವುದು. ಎರಡನೆಯದೇ ಕಷ್ಟ.

ಏಕೆ ಕಷ್ಟ ಗೊತ್ತಾ? ಡಾಕ್ಟರ್‌ಗಳಿಗೆ ಪೈಪ್ ಇರುವುದೇ ನೆನಪಿರುವುದಿಲ್ಲ. ಸುಮ್ನೆ ಹೇಳುತ್ತಿಲ್ಲ. ಸಂಜಯ್ ಸೇಂಟ್ ಅನ್ನುವ ವೈದ್ಯರು ಅಮೆರಿಕದ ನಾಲ್ಕು ಆಸ್ಪತ್ರೆಗಳಲ್ಲಿ "ನಿಮ್ಮ ಈ ರೋಗಿಗೆ ಯೂರಿನ್ ಕ್ಯಾತಿಟರ್ (ಅದೇ ಯೂರಿನ್ ಪೈಪ್) ಇದೆಯಾ?" ಅಂತ ವೈದ್ಯರನ್ನು ಕೇಳಿಸಿದರು. 2000ದಲ್ಲಿ ಪ್ರಕಟವಾಯಿತು. ಕ್ಯಾತಿಟರ್ ಇದ್ದೂ ಗೊತ್ತಿಲ್ಲದ ಪ್ರಮಾಣ ವಿದ್ಯಾರ್ಥಿಗಳಲ್ಲಿ ಶೇ. 21. ಮೇಲಿನ ದೊಡ್ಡ ಡಾಕ್ಟರ್‌ಗಳಲ್ಲಿ ಶೇ. 38! ಹುದ್ದೆ ಏರಿದಷ್ಟೂ ಮರೆವು ಜಾಸ್ತಿ.

ಅದು ಒಳಗಿದ್ದಷ್ಟು ದಿನವೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ದಿನಕ್ಕೆ ಶೇ. 3ರಿಂದ 7ರಷ್ಟು ಏರುತ್ತಾ ಹೋಗುತ್ತದೆ. ಹಾಗಾಗಿ ರೌಂಡ್ಸ್ ಬಂದಾಗ ದಿನಾ ಒಂದು ಪ್ರಶ್ನೆ ಕೇಳಿ: "ಸಾರ್, ಈ ಪೈಪ್ ಇವತ್ತೂ ಬೇಕಾ?" ತೆಗೆಯಿರಿ ಅನ್ನಬೇಡಿ, ನೀವೇ ಮುಟ್ಟಲೂ ಬೇಡಿ. ಕೇಳಿ ಸಾಕು.

ಊರಿನ_ಡಾಕ್ಟರ್

ಸಿಸ್ಟರ್, 38 ಅಂತ ಓದಿ ನಕ್ಕೆ. ಆಮೇಲೆ ನನ್ನ ವಾರ್ಡ್‌ನಲ್ಲಿ ಯಾರ್ಯಾರಿಗೆ ಇದೆ ಅಂತ ಮನಸ್ಸಿನಲ್ಲೇ ಎಣಿಸಲು ಹೋಗಿ ನಗು ನಿಂತಿತು 😅

ಅಂಕಿಸಂಕಿ

ಮಿಷಿಗನ್ ಕಥೆ ಇನ್ನೂ ಯಾರೂ ಹೇಳಿಲ್ಲವಲ್ಲ! ಈ ವಿಷಯ ಎಲ್ಲೇ ಬಂದರೂ ಚೆಕ್‌ಲಿಸ್ಟ್ ಪವಾಡ ಅಂತ ಅದು ಬಂದೇ ಬರುತ್ತದೆ. ನಾನೇ ಹೇಳಿ, ನಾನೇ ಜಗಳ ತೆಗೆಯುತ್ತೇನೆ.

ಪೀಟರ್ ಪ್ರೊನೊವೋಸ್ಟ್, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಐಸಿಯು ವೈದ್ಯ. ಸೆಂಟ್ರಲ್ ಲೈನ್ ಹಾಕುವಾಗ ಐದು ಕೆಲಸ: ಕೈ ತೊಳೆ, ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಚರ್ಮ ಒರೆಸು, ರೋಗಿಗೆ ತಲೆಯಿಂದ ಕಾಲಿನವರೆಗೆ ಸ್ಟೆರೈಲ್ ಬಟ್ಟೆ ಹೊದಿಸಿ ನೀನೂ ಗೌನ್ ಮಾಸ್ಕ್ ಹಾಕು, ತೊಡೆಸಂದಿಯ ರಕ್ತನಾಳ ಆದಷ್ಟು ಬಿಡು, ಬೇಡವಾದ ಲೈನ್ ತೆಗಿ. ಒಂದೂ ಹೊಸದಲ್ಲ. ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಜಾರಿ ಮಾಡಿದರು. ಸಾವಿರ ಲೈನ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್ ದಿನ) ಸರಾಸರಿ 7.7 ರಕ್ತದ ಸೋಂಕು ಇದ್ದದ್ದು ಒಂದೂವರೆ ವರ್ಷದಲ್ಲಿ 1.4ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದಾಗ ಜಗತ್ತೇ ಬೆರಗಾಯಿತು.

ಈಗ ಜಗಳ. ಮಿಷಿಗನ್‌ನಲ್ಲಿ ಹೋಲಿಸಲು ಬೇರೆ ಗುಂಪೇ ಇರಲಿಲ್ಲ. ಮೊದಲು ಇಷ್ಟು, ಆಮೇಲೆ ಇಷ್ಟು, ಅಷ್ಟೇ. ಇಂಗ್ಲೆಂಡಿನವರು 2009ರಿಂದ 2011ರವರೆಗೆ "ಮ್ಯಾಚಿಂಗ್ ಮಿಷಿಗನ್" ಅಂತ ಮಾಡಿದರು, ಐಸಿಯುಗಳನ್ನು ಗುಂಪು ಗುಂಪಾಗಿ ಬೇರೆ ಬೇರೆ ಸಮಯಕ್ಕೆ ಸೇರಿಸಿಕೊಂಡರು. ಸೋಂಕು ಚೆನ್ನಾಗಿ ಇಳಿಯಿತು. ಆದರೆ ಇನ್ನೂ ಸೇರದೆ ಕಾಯುತ್ತಿದ್ದ ಐಸಿಯುಗಳಲ್ಲೂ ಇಳಿಯುತ್ತಿತ್ತು! ಹಾಗಾದರೆ ಯಶಸ್ಸು ಚೆಕ್‌ಲಿಸ್ಟಿನದಾ, ಆ ಕಾಲದ ಗಾಳಿಯದಾ?

ಒಂದು ತಮಾಷೆಯೂ ಇದೆ. 2007ರಲ್ಲಿ ಅಮೆರಿಕ ಸರ್ಕಾರದ ಒಂದು ಕಚೇರಿ "ಇದು ಸಂಶೋಧನೆ, ರೋಗಿಗಳ ಒಪ್ಪಿಗೆ ಪಡೆದಿಲ್ಲ" ಅಂತ ತಕರಾರು ತೆಗೆದು ಲೆಕ್ಕ ಸಂಗ್ರಹ ನಿಂತೇ ಹೋಗಿತ್ತು. ಬೈಗುಳ ತಿಂದ ಮೇಲೆ 2008ರ ಆರಂಭದಲ್ಲಿ ಮುಂದುವರಿಯಲು ಬಿಟ್ಟರು. ಕೈ ತೊಳೆಯಲು ರೋಗಿಯ ಸಹಿ ಬೇಕಾ ಅಂತ ಜನ ಕೇಳಿದರು.

ಐಸಿಯು_ಸಿಸ್ಟರ್

ಜಗಳ ಒಪ್ಪಿದೆ. ಆದರೆ ನೀವು ಬಿಟ್ಟ ಒಂದು ವಿಷಯ ನರ್ಸ್‌ಗಳ ಕಣ್ಣಿಗೆ ದೊಡ್ಡದು. ಮಿಷಿಗನ್‌ನಲ್ಲಿ ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೆ, ತುರ್ತು ಅಲ್ಲದಿದ್ದರೆ, ನರ್ಸ್ ನಿಲ್ಲಿಸಬಹುದಿತ್ತು. ಮೇಲಿನವರು ಮುಂಚೆಯೇ "ನಾವು ನರ್ಸ್ ಪರ" ಅಂತ ಹೇಳಿದ್ದರು. ಬೇಕಾದ ಸಾಮಾನೆಲ್ಲ ಒಂದೇ ಗಾಡಿಯಲ್ಲಿ ಜೋಡಿಸಿಟ್ಟರು, ಒಂದಕ್ಕೆ ಅಲ್ಲಿ ಒಂದಕ್ಕೆ ಇಲ್ಲಿ ಓಡುವುದು ತಪ್ಪಿತು. ಪ್ರತಿ ತಿಂಗಳು ತಮ್ಮ ಐಸಿಯು ಲೆಕ್ಕ ತಾವೇ ನೋಡುತ್ತಿದ್ದರು. ಇದೆಲ್ಲ ಬಿಟ್ಟು ಬರೀ ಕಾಗದ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದರೆ ಏನಾಗುತ್ತದೆ? ಶಿಫ್ಟ್ ಮುಗಿಯುವಾಗ ಎಲ್ಲ ಟಿಕ್ ಒಂದೇ ಪೆನ್ನಿನಲ್ಲಿ ಬೀಳುತ್ತವೆ.

ಊರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೆಸರು ಬೇಡ, ಒಂದು ಆಸ್ಪತ್ರೆಯಲ್ಲಿ "ಸರ್, ಗೌನ್" ಅಂದಿದ್ದಕ್ಕೆ ಎಲ್ಲರೆದುರು ಬೈಸಿಕೊಂಡೆ. ಆಮೇಲೆ ಆ ಐಸಿಯುನಲ್ಲಿ ಯಾವ ಸಿಸ್ಟರ್ ಬಾಯಿ ಬಿಡುತ್ತಾಳೆ ಹೇಳಿ. ಗೋಡೆ ಮೇಲೆ ಚೆಕ್‌ಲಿಸ್ಟ್ ಅಂತೂ ಇತ್ತು.

ಅಂಕಿಸಂಕಿ

ಇದು ಒಳ್ಳೆಯ ಉತ್ತರ ಅಕ್ಕಾ. ಅಂದರೆ ಪರೀಕ್ಷೆಗೆ ಒಡ್ಡಿದ್ದು ಐದು ಸಾಲಲ್ಲ, ಯಾರು ಯಾರಿಗೆ "ನಿಲ್ಲಿ" ಅನ್ನಬಹುದು ಅನ್ನುವುದನ್ನು. ಹಾಗಿದ್ದರೆ ಬೇರೆ ಕಡೆ ಅದೇ ಫಲಿತಾಂಶ ಬರದಿದ್ದರೆ ಆಶ್ಚರ್ಯ ಇಲ್ಲ. ಕ್ಯಾತಿಟರ್ ವಿಷಯದಲ್ಲೂ ಅದೇ ಥರ. ಅಮೆರಿಕದ 603 ಆಸ್ಪತ್ರೆಗಳಲ್ಲಿ ನಡೆದ ಕಾರ್ಯಕ್ರಮದಲ್ಲಿ ಸಾಮಾನ್ಯ ವಾರ್ಡ್‌ಗಳಲ್ಲಿ ಮೂತ್ರದ ಸೋಂಕು ಶೇ. 32ರಷ್ಟು ಇಳಿಯಿತು, ಐಸಿಯುಗಳಲ್ಲಿ ಏನೂ ಇಳಿಯಲಿಲ್ಲ. 2016ರ ಅಧ್ಯಯನ.

ಪೈಪ್_ಭಟ್ರು

ನಾನು ಡಾಕ್ಟರ್ ಅಲ್ಲ, ಕಟ್ಟಡಗಳ ಪ್ಲಂಬಿಂಗ್ ಡಿಸೈನ್ ಮಾಡುವವನು. ಎಲ್ಲರೂ ಕೈ ತೊಳೆ ಕೈ ತೊಳೆ ಅಂತೀರಿ, ಸಿಂಕ್ ಬಗ್ಗೆ ಯಾರೂ ಮಾತಾಡಲಿಲ್ಲ. ಒಂದು ಆಸ್ಪತ್ರೆ ಕೆಲಸ ಬಂದಾಗ ಓದಿದ್ದು ಹೇಳುತ್ತೇನೆ.

ವರ್ಜೀನಿಯಾ ವಿಶ್ವವಿದ್ಯಾಲಯದವರು ಒಂದೇ ಥರದ ಸಿಂಕ್‌ಗಳನ್ನು ಸಾಲಾಗಿ ಕೂರಿಸಿ, ಬೆಳಕಿನಲ್ಲಿ ಹೊಳೆಯುವ ನಿರಪಾಯದ ಬ್ಯಾಕ್ಟೀರಿಯಾವನ್ನು ಕೆಳಗಿನ ಬಾಗಿದ ಪೈಪಿಗೆ ಬಿಟ್ಟರು. ಮೇಲಿನಿಂದ ಬ್ಯಾಕ್ಟೀರಿಯಾಕ್ಕೆ ಆಹಾರ ಸಿಗುವ ಹಾಗೆ ಮಾಡಿದರೆ ಅದು ಪೈಪ್ ಗೋಡೆ ಹಿಡಿದು ದಿನಕ್ಕೆ ಸುಮಾರು 1 ಇಂಚು ಮೇಲೆ ಹತ್ತಿತು. ಜಾಲರಿ ತಲುಪಿದ ಮೇಲೆ ನಲ್ಲಿ ಬಿಟ್ಟರೆ ನೀರು ಚಿಮ್ಮಿದ ಕಡೆಗೆಲ್ಲ ಹಾರಿತು. 2017ರ ಪ್ರಯೋಗ. ಹಾಗಾದರೆ ಆಹಾರ ಯಾರು ಹಾಕುತ್ತಾರೆ? ಉಳಿದ ಟೀ, ಎಳನೀರು, ಗ್ಲೂಕೋಸ್ ಎಲ್ಲ ಸಿಂಕಿಗೆ ಸುರಿಯುವ ನಾವೇ.

ನೆದರ್‌ಲೆಂಡ್ಸ್‌ನ ನೈಮೇಖನ್‌ನಲ್ಲಿ ಒಂದು ಐಸಿಯುನವರು ರೋಗಿಗಳ ಕೋಣೆಯಿಂದ ಸಿಂಕ್‌ಗಳನ್ನೇ ಕಿತ್ತು ಹಾಕಿದರು. ಕೈಗೆ ಆಲ್ಕೋಹಾಲ್, ಮೈ ಒರೆಸಲು ಒದ್ದೆ ವೈಪ್ಸ್. ರೋಗಿಗಳ ಮೈಮೇಲೆ ಸಿಂಕಿನಲ್ಲಿ ಬೆಳೆಯುವ ಥರದ ಬ್ಯಾಕ್ಟೀರಿಯಾ ಕಡಿಮೆಯಾಯಿತು, ಬಹಳ ದಿನ ಇದ್ದವರಲ್ಲಿ ಜಾಸ್ತಿ ಕಡಿಮೆ.

ಊರಿನ_ಡಾಕ್ಟರ್

ಭಟ್ರೇ, ನಮ್ಮಲ್ಲಿ ಸಿಂಕ್ ಕೀಳುವುದಿರಲಿ, ಇರುವ ಸಿಂಕಿಗೆ ನೀರು ಬಂದರೆ ಸಾಕು. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ತಾಲ್ಲೂಕು ಆಸ್ಪತ್ರೆ ನೋಡಿದ್ದೀರಾ? ಅದಕ್ಕೇ ನನಗೆ ಜಿನೀವಾದ ಅಧ್ಯಯನ ಮುಖ್ಯ ಅನಿಸುತ್ತದೆ. ದಿದಿಯೇ ಪಿಟೆ ಅನ್ನುವ ವೈದ್ಯರು ಆಲ್ಕೋಹಾಲ್ ಬಾಟಲಿಯನ್ನು ಹಾಸಿಗೆ ಪಕ್ಕಕ್ಕೇ ತಂದಿಟ್ಟರು. ಸಿಂಕಿನವರೆಗೆ ನಡೆದು, ತೊಳೆದು, ಒರೆಸಿ ಬರುವಷ್ಟು ಸಮಯ ನರ್ಸ್‌ಗೆ ಇಲ್ಲ ಅನ್ನುವುದನ್ನು ಅವರು ಮೊದಲೇ ಲೆಕ್ಕ ಹಾಕಿ ತೋರಿಸಿದ್ದರು, ಕೆಲಸ ಹೆಚ್ಚಾದಷ್ಟೂ ಕೈ ಶುದ್ಧಿ ಇಳಿಯುತ್ತಿತ್ತು. ಬಾಟಲಿ ಬಂದ ಮೇಲೆ, 1994ರಿಂದ 1997ರೊಳಗೆ, ಕೈ ಶುದ್ಧಿ ಶೇ. 48ರಿಂದ 66ಕ್ಕೆ ಏರಿತು. ಆಸ್ಪತ್ರೆ ಸೋಂಕು ಇರುವ ರೋಗಿಗಳು ಶೇ. 16.9ರಿಂದ 9.9ಕ್ಕೆ ಇಳಿದರು. ಅಂಕಿಸಂಕಿಯವರು ಇದಕ್ಕೂ ಹೋಲಿಕೆ ಗುಂಪಿಲ್ಲ ಅಂತಾರೆ, ಗೊತ್ತು.

ಅಂಕಿಸಂಕಿ

ಅನ್ನುವುದೇ ಇಲ್ಲ, ನೀವೇ ಅಂದುಬಿಟ್ಟಿರಿ 🙏

ಸುಜಾತಾ_ಹಾವೇರಿ

ನಾವು ಮನೆಯವರೂ ಒಳಗೆ ಹೋಗುವಾಗ, ಹೊರಗೆ ಬರುವಾಗ ಕೈಗೆ ಆ ಆಲ್ಕೋಹಾಲ್ ಹಾಕಿಕೊಂಡರೆ ಸಾಕಾ? ಅಕಸ್ಮಾತ್ ವೆಂಟಿಲೇಟರ್ ಹಾಕಿದರೆ ಇನ್ನೇನು ನೋಡಬೇಕು?

ಐಸಿಯು_ಸಿಸ್ಟರ್

ಒಳಗೆ ಹೋಗುವಾಗ, ಮುಟ್ಟುವ ಮುಂಚೆ, ಮುಟ್ಟಿದ ಮೇಲೆ. ಭೇದಿ ಇರುವ ರೋಗಿಯಾದರೆ ಸೋಪು ನೀರೇ ಬೇಕು. ಗಾಯದ ಡ್ರೆಸ್ಸಿಂಗ್ ಎತ್ತಿ ಇಣುಕಬೇಡಿ. ಪಕ್ಕದ ಬೆಡ್‌ನವರಿಗೆ ಸಹಾಯ ಮಾಡಲು ಹೋಗಿ ಅದೇ ಕೈಯಲ್ಲಿ ಮಾವನವರನ್ನು ಮುಟ್ಟಬೇಡಿ. ನಮ್ಮ ಕಡೆ ಜನ ಒಳ್ಳೆಯವರು, ಅದೇ ತೊಂದರೆ.

ವೆಂಟಿಲೇಟರ್ ಬಗ್ಗೆ ಒಂದೇ ಮಾತು: ಹಲ್ಲುಜ್ಜುವುದು. ನಿಜವಾಗಿಯೂ! 15 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆ 2023ರ ಕೊನೆಗೆ ಬಂತು. ದಿನಾ ಬ್ರಷ್‌ನಲ್ಲಿ ಹಲ್ಲುಜ್ಜಿಸಿದ ರೋಗಿಗಳಲ್ಲಿ ಆಸ್ಪತ್ರೆಯಲ್ಲಿ ಬರುವ ನ್ಯುಮೋನಿಯಾ ಸುಮಾರು ಮೂರನೇ ಒಂದು ಭಾಗ ಕಡಿಮೆ, ಲಾಭ ಮುಖ್ಯವಾಗಿ ವೆಂಟಿಲೇಟರ್ ಇದ್ದವರಲ್ಲಿ ಕಂಡಿತು. ಬಾಯಿಯ ಕ್ರಿಮಿಯೇ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲು ನಾವು ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಬಾಯಿ ಒರೆಸುತ್ತಿದ್ದೆವು, ಅಮೆರಿಕದ 2022ರ ಮಾರ್ಗಸೂಚಿ ಅದನ್ನು ಕೈಬಿಟ್ಟು ಬ್ರಷ್ ಹಿಡಿಯಿತು. ಚೀಲದಲ್ಲಿ ಒಂದು ಮೆತ್ತನೆ ಬ್ರಷ್ ಇರಲಿ. ಟ್ಯೂಬ್ ಇದ್ದಾಗ ಉಜ್ಜುವುದು ಮಾತ್ರ ಸಿಸ್ಟರ್ ಕೆಲಸ.

ಸುಜಾತಾ_ಹಾವೇರಿ

ಇವತ್ತು ಆಸ್ಪತ್ರೆಗೆ ಹೋಗಿದ್ದೆವು. ಗ್ಲೌಸ್ ವಿಷಯ ಕೇಳಿದೆ. ಸರ್ಜನ್ ನಕ್ಕು "ಬದಲಿಸುತ್ತೇವಮ್ಮಾ, ಎಲ್ಲಿ ಓದಿದಿರಿ" ಅಂದರು. ಶೇವಿಂಗ್ ಇಲ್ಲ ಅಂದರು. ಆದರೆ ಮ್ಯಾನೇಜರ್ ಒಬ್ಬರು "ನಮ್ಮಲ್ಲಿ ಇನ್ಫೆಕ್ಷನ್ ರೇಟ್ ಸೊನ್ನೆ ಮೇಡಂ" ಅಂದರು. ಇದನ್ನು ನಂಬಬಹುದಾ?

ಕಲ್ಚರ್_ಪ್ಲೇಟ್

ಸರ್ಜನ್ ಉತ್ತರ ಕೇಳಿ ಸಂತೋಷವಾಯಿತು. ಮ್ಯಾನೇಜರ್ ಉತ್ತರ ಕೇಳಿ ಹುಬ್ಬೇರಿತು.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಶ್ರೀಮಂತ ದೇಶಗಳಲ್ಲೇ ಆಸ್ಪತ್ರೆ ಸೇರಿದ ನೂರರಲ್ಲಿ 7 ಜನರಿಗೆ ಒಂದಾದರೂ ಸೋಂಕು ಅಂಟುತ್ತದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಜನರಿಗೆ. ಹುಡುಕಿದರೆ ಸಿಗುತ್ತದೆ. ಕಲ್ಚರ್‌ಗೆ, ಅಂದರೆ ಯಾವ ಕ್ರಿಮಿ ಅಂತ ಲ್ಯಾಬಿನಲ್ಲಿ ಬೆಳೆಸಿ ನೋಡಲು, ಕಳಿಸದೇ ನೇರ ದೊಡ್ಡ ಆ್ಯಂಟಿಬಯೋಟಿಕ್ ಹಾಕಿದರೆ ಲ್ಯಾಬಿನಲ್ಲಿ ಏನೂ ಬೆಳೆಯುವುದಿಲ್ಲ, ಕಾಗದದಲ್ಲಿ ಸೊನ್ನೆ. ಹಾಗಾಗಿ ಸೊನ್ನೆ ಅನ್ನುವ ಆಸ್ಪತ್ರೆಗಿಂತ "ಹೋದ ವರ್ಷ ಇಷ್ಟಿತ್ತು, ಈಗ ಇಷ್ಟು" ಅನ್ನುವ ಆಸ್ಪತ್ರೆ ನನಗೆ ವಾಸಿ.

ನಮ್ಮ ದೇಶದಲ್ಲೂ ಒಂದೇ ಅಳತೆಗೋಲು ಹಿಡಿದು ಎಣಿಸುವ ಕೆಲಸ ನಡೆಯುತ್ತಿದೆ. ದೆಹಲಿಯ ಏಮ್ಸ್ ಮುಂದೆ ನಿಂತು, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಜೊತೆ ಸೇರಿ, ಆಸ್ಪತ್ರೆಗಳ ಒಂದು ಜಾಲ ಕಟ್ಟಿದೆ. 26 ಆಸ್ಪತ್ರೆಗಳ ಐಸಿಯುಗಳ ಮೊದಲ ದೊಡ್ಡ ಲೆಕ್ಕ 2022ರಲ್ಲಿ ಪ್ರಕಟವಾಯಿತು. ರಕ್ತದ ಸೋಂಕಿನಲ್ಲಿ ಮುಂದೆ ಇದ್ದದ್ದು ಕ್ಲೆಬ್ಸಿಯೆಲ್ಲಾ ಜಾತಿಯ ಬ್ಯಾಕ್ಟೀರಿಯಾ. ಬಲವಾದ ಔಷಧಿಗಳಿಗೂ ಬಗ್ಗದವು ಅದರಲ್ಲಿ ಬೇಕಾದಷ್ಟು. ಸೋಂಕು ಬಂದಮೇಲೆ ಔಷಧಿ ಹುಡುಕುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತಿರುವಾಗ ಈ ಎಣಿಕೆಗೆ ಬೆಲೆ ಜಾಸ್ತಿ.

ಮ್ಯಾನೇಜರನ್ನು ಒಂದು ಕೇಳಿ: "ಡಿಸ್ಚಾರ್ಜ್ ಆದವರಿಗೆ 30 ದಿನದೊಳಗೆ ಫೋನ್ ಮಾಡಿ ಗಾಯ ಹೇಗಿದೆ ಅಂತ ವಿಚಾರಿಸುತ್ತೀರಾ?" ಗಾಯದ ಸೋಂಕಿನಲ್ಲಿ ದೊಡ್ಡ ಪಾಲು ಮನೆಗೆ ಹೋದ ಮೇಲೆಯೇ ಕಾಣಿಸುವುದು. ಫೋನ್ ಮಾಡದಿದ್ದರೆ ಅವರ ಸೊನ್ನೆಗೆ ಅರ್ಥ ಇಲ್ಲ.

ಐಸಿಯು_ಸಿಸ್ಟರ್

ಅಕ್ಕಾ, ಮನೆಗೆ ಬಂದಮೇಲೆ ಜ್ವರ, ಹೊಲಿಗೆ ಸುತ್ತ ಕೆಂಪು, ಬಿಸಿ, ಕೀವು, ದಿನದಿಂದ ದಿನಕ್ಕೆ ನೋವು ಏರುವುದು, ಇವು ಯಾವುದು ಕಂಡರೂ ಕಾಯಬೇಡಿ. ಮೆಡಿಕಲ್ ಶಾಪಿನ ಮಾತ್ರೆ ನುಂಗಿಸದೆ ಅದೇ ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ, ಕೀವು ಇದ್ದರೆ ಕಲ್ಚರ್‌ಗೆ ಕಳಿಸಲು ಹೇಳಿ. ಮಾತ್ರೆ ಶುರುವಾದ ಮೇಲೆ ಕಳಿಸಿದರೆ ಕ್ರಿಮಿ ಸರಿಯಾಗಿ ಸಿಗುವುದಿಲ್ಲ.

ಸುಜಾತಾ_ಹಾವೇರಿ

ಸರಿ ಸಿಸ್ಟರ್. ಇನ್ನೊಂದು, ನೋಡಲು ಬರುವ ನೆಂಟರ ಪಟ್ಟಿ ಈಗಲೇ ಇಪ್ಪತ್ತು ದಾಟಿದೆ. ಅವರಿಗೆ ಬರಬೇಡಿ ಅಂತ ಬೇಜಾರಾಗದ ಹಾಗೆ ಹೇಳುವುದು ಹೇಗೆ?

ಊರಿನ_ಡಾಕ್ಟರ್

ಸರ್ಜನ್ ಬೇಡ ಅಂದಿದ್ದಾರೆ ಅನ್ನಿ. ಹಾಗೆ ಹೇಳಲು ನಾನೇ ಹೇಳಿಕೊಟ್ಟೆ ಅಂತ ಸರ್ಜನ್‌ಗೂ ತಿಳಿಸಿಬಿಡಿ.